ಏಳು ರೈಲಿನಷ್ಟು ಜನ

ಬೆಂಗಳೂರಿನ ಕೆಂಗೇರಿ ಉಪನಗರದವರಿಗೆ ಮೆಟ್ರೊ ಸಿಕ್ಕಿದ್ದು 2021ರ ಆಗಸ್ಟಿನಲ್ಲಿ. ಆರು ಬೋಗಿಯ ಒಂದು ರೈಲಿನಲ್ಲಿ ಒತ್ತೊತ್ತಾಗಿ ನಿಂತರೆ ಸುಮಾರು 1,500 ಜನ ಹಿಡಿಸುತ್ತಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಹೆಚ್ಚಾಗಿ ಗುಲಾಮರಾಗಿ ಬಂದವರ ಸಂತತಿ ಸಿದ್ದಿಯರು. 2011ರ ಜನಗಣತಿ ಕರ್ನಾಟಕದಲ್ಲಿ ಎಣಿಸಿದ ಸಿದ್ದಿಯರು 10,477. ಕೆಂಗೇರಿಯಿಂದ ಹೊರಡುವ ಏಳು ರೈಲಿಗೆ ಎಣಿಕೆಗೆ ಸಿಕ್ಕವರೆಲ್ಲ ಹತ್ತಿ ಮುಗಿಯುತ್ತಾರೆ! ಆಗ ರಾಜ್ಯದ ಜನಸಂಖ್ಯೆ 6.1 ಕೋಟಿ, ಅಂದರೆ ಸುಮಾರು 5,800 ಜನರಲ್ಲಿ ಒಬ್ಬರು.

ಆ ಎಣಿಕೆಗೂ ಬೇಲಿಯಿತ್ತು. ಜನಗಣತಿ ಪಂಗಡವಾರು ಎಣಿಸಿದ್ದು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದವರನ್ನಷ್ಟೇ; 2003ರಲ್ಲಿ ಆ ಪಟ್ಟಿಗೆ ಸೇರಿದ್ದು ಉತ್ತರ ಕನ್ನಡದ ಸಿದ್ದಿಯರು ಮಾತ್ರ. ಹಳಿಯಾಳದ ಕಾಡು ದಾಟಿ ಕಲಘಟಗಿಯಲ್ಲೋ ಖಾನಾಪುರದಲ್ಲೋ ನೆಲೆಸಿದ ಅವರದೇ ನೆಂಟರಿಷ್ಟರು ಆ ಲೆಕ್ಕದಲ್ಲಿಲ್ಲ. ಧಾರವಾಡ, ಬೆಳಗಾವಿಯವರಿಗೆ ಪಟ್ಟಿಯ ಬಾಗಿಲು ತೆರೆದದ್ದು 2020ರಲ್ಲಿ. ಹದಿನೇಳು ವರ್ಷ!

ಯುರೋಪಿನ ಉತ್ತರದ ತುದಿಯ ಸಾಮಿ ಜನರ ಎಣಿಕೆಯೂ ಹೀಗೇ ತೊಡಕಿನದು. ನಾರ್ವೆ, ಸ್ವೀಡನ್‌ಗಳ ಜನಗಣತಿ ಕುಲಮೂಲ ಕೇಳುವುದೇ ಇಲ್ಲ. ಅಂದಾಜು 50 ಸಾವಿರದಿಂದ ಒಂದು ಲಕ್ಷದವರೆಗೆ ಹೊಯ್ದಾಡುತ್ತದೆ. ನಾರ್ವೆಯ ಸಾಮಿ ಸಂಸತ್ತಿನ ಮತದಾರರಾಗಲು ತಾನು ಸಾಮಿ ಎಂದರಷ್ಟೇ ಸಾಲದು. ಸಾಮಾನ್ಯವಾಗಿ ತನ್ನ, ಇಲ್ಲವೇ ಮುತ್ತಜ್ಜ ಮುತ್ತಜ್ಜಿಯವರೆಗಿನ ಯಾರಾದರೊಬ್ಬರ ಮನೆಮಾತು ಸಾಮಿ ಆಗಿರಬೇಕು. ಆ ಅಳತೆಗೋಲನ್ನು ಉತ್ತರ ಕನ್ನಡದ ಯಲ್ಲಾಪುರಕ್ಕೆ ತಂದರೆ ಒಬ್ಬ ಸಿದ್ದಿಯೂ ಉಳಿಯಲಾರ. ಅವರ ಮನೆಗಳಲ್ಲಿ ಕೇಳುವುದು ಕೊಂಕಣಿ, ಕನ್ನಡ, ಉರ್ದು, ಆಫ್ರಿಕಾದ ಭಾಷೆಯಲ್ಲ.

ಆದರೆ ರಕ್ತ ಮರೆತಿಲ್ಲ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಸಿದ್ದಿಯರ ಮೂಲವನ್ನು ಆಫ್ರಿಕಾದ ಬಾಂಟು ಭಾಷಿಕರಲ್ಲಿ ಗುರುತಿಸಿತು. ಇಲ್ಲಿನ ನೆರೆಯವರೊಂದಿಗೆ ಬೆರೆತದ್ದು ಕಳೆದ ಎಂಟು ತಲೆಮಾರುಗಳಲ್ಲಿ, ಸುಮಾರು 200 ವರ್ಷದ ಈಚೆ. ಪೋರ್ಚುಗೀಸರ ಅಂಶವೂ ಇರಬಹುದು. ಎಂಟು ತಲೆಮಾರು ಹಿಂದಕ್ಕೆ ಎಣಿಸಿ: ಇಬ್ಬರು, ನಾಲ್ವರು, ಎಂಟು... 256 ಹಿರಿಯರು! ಗುಲಾಮರ ಹಡಗಿನಿಂದ ಇಳಿದವರು, ಮಲೆನಾಡಿನಲ್ಲೇ ಹುಟ್ಟಿದವರು, ಎಲ್ಲರೂ ಒಂದೇ ಮಗುವಿನ ಮುಖದಲ್ಲಿ.

ಸಂಖ್ಯೆ ಇಷ್ಟು ಚಿಕ್ಕದಾದರೂ ಒಳಗೆ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಇವೆ. ಮೂರೂ ಧರ್ಮದ ಹೆಂಗಸರು ಹೊಲಿಯುವ ಕೌದಿ ನೋಡಬೇಕು. ಹಳೆ ಸೀರೆ, ಅಂಗಿಯ ತುಂಡುಗಳನ್ನಿಟ್ಟು ಅಂಚಿನಿಂದ ಸುತ್ತುತ್ತಾ ನಡುವಿಗೆ ಹೊಲಿದು ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯ ಹೂ ಕೂರದೆ ಕೌದಿ ಪೂರ್ತಿಯಾಗುವುದಿಲ್ಲ. ನನ್ನ ಮಟ್ಟಿಗೆ ಯಾವ ಜನಗಣತಿಗಿಂತಲೂ ನಂಬಿಗಸ್ತ ದಾಖಲೆ ಅದು.

ಧಾರವಾಡ, ಬೆಳಗಾವಿಯವರಿಗೆ ಪಟ್ಟಿಯ ಬಾಗಿಲು ತೆರೆದ ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಶತಮಾನಗಳಿಂದ ಇಲ್ಲಿ ಬಾಳಿದ ಜನರಿಗೆ ಶಾಸನಸಭೆಯಲ್ಲಿ ಸಿಕ್ಕ ಮೊದಲ ಕುರ್ಚಿ.