ಗಾಳಿ ಅದ, ತಂಪಿಲ್ರಿ

ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಮಟಮಟ ಮಧ್ಯಾಹ್ನ. ರಿಂಗ್ ರೋಡಿನಲ್ಲಿ ಒಂದು ಲಾರಿ ಎಬ್ಬಿಸಿದ ಧೂಳು ನೆಲಕ್ಕೆ ಇಳಿಯುವ ಮೊದಲೇ ಇನ್ನೊಂದು ಲಾರಿ ಬಂದು ಅದನ್ನು ಮತ್ತೆ ಮೇಲೆತ್ತುತ್ತದೆ. ರಸ್ತೆಯಿಂದ ತುಸು ಒಳಗೆ ಒಂದು ತಗಡಿನ ಶೆಡ್ಡು, ಎದುರಿಗೆ ಬೇವಿನ ಮರ, ಮರದ ನೆರಳು ಎಷ್ಟಿದೆಯೋ ಅಷ್ಟರಲ್ಲೇ ಒತ್ತೊತ್ತಾಗಿ ಬಾನೆಟ್ ತೆರೆದುಕೊಂಡು ನಿಂತ ಕಾರುಗಳು. ಸುಟ್ಟ ರಬ್ಬರು, ಹಳೆ ಎಣ್ಣೆ, ಪಕ್ಕದ ಗೂಡಂಗಡಿಯಲ್ಲಿ ಕುದಿಯುತ್ತಿರುವ ಚಹಾ, ಈ ಮೂರರ ವಾಸನೆ ಇಲ್ಲಿ ಬೇರೆಬೇರೆಯಾಗಿ ಸಿಗುವುದಿಲ್ಲ. ಎಸಿ ರಿಪೇರಿಯವರಿಗೆ ಇದೇ ಸುಗ್ಗಿ. ಊರೆಲ್ಲ ನೆರಳು ಹುಡುಕುವ ಹೊತ್ತಿನಲ್ಲಿ ಇವರು ಕಾದ ಎಂಜಿನ್ನಿನ ಮೇಲೆ ಬಗ್ಗಿರುತ್ತಾರೆ.

ಬೂದು ಬಣ್ಣದ ಒಂದು ಸ್ಯಾಂಟ್ರೋ ಬಂದು ನಿಲ್ಲುತ್ತದೆ. 2006ರ ಗಾಡಿ, ಬಾಗಿಲ ಅಂಚಿಗೆ ತುಕ್ಕು, ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಳಿಚಿಕೊಂಡ ಶರಣಬಸವೇಶ್ವರರ ಪಟ. ಇಳಿದವರು ನಿವೃತ್ತ ಮಾಸ್ತರರು. ಅಂಗಿಯ ಬೆನ್ನು ಸೀಟಿನ ಆಕಾರಕ್ಕೇ ತೊಯ್ದಿದೆ.

“ಗಾಳಿ ಅದ, ತಂಪಿಲ್ರಿ. ಹೋದ ಬ್ಯಾಸಿಗ್ಯಾಗ ಗ್ಯಾಸ್ ಹೊಡಿಸೀನಿ. ಮತ್ತ ಖಾಲಿ ಆಗ್ಯದ ಕಾಣ್ತದ.”

ಮಿಸ್ತ್ರಿ ನಗುತ್ತಾನೆ. “ಗ್ಯಾಸ್ ಅಂದ್ರ ಪೆಟ್ರೋಲ್ ಅಲ್ರಿ ಸರ್, ಓಡಿಸಿದಂಗ ಖರ್ಚಾಗ್ಲಿಕ್ಕೆ. ಕಮ್ಮಿ ಆಗ್ಯದ ಅಂದ್ರ ಎಲ್ಲೋ ಹೊರಗ ಹೋಗ್ಯದ. ಬಾನೆಟ್ ತೆಗೀರಿ.”

ಮೀಟರು, ಪೈಪು ಯಾವುದಕ್ಕೂ ಅವನು ಇನ್ನೂ ಕೈ ಹಾಕಿಲ್ಲ. ಎಂಜಿನ್ ಚಾಲೂ ಮಾಡಿಸಿ, ಎಸಿ ಗುಂಡಿ ಒತ್ತಿಸಿ, ಬ್ಲೋವರ್ ಪೂರ್ತಿ ಬಿಡಿಸಿ, ಸುಮ್ಮನೆ ಕಿವಿಗೊಟ್ಟು ನಿಲ್ಲುತ್ತಾನೆ. ಕಂಪ್ರೆಸರಿನ ಕ್ಲಚ್ಚು ಟಕ್ ಎಂದು ಹಿಡಿಯುತ್ತದೆ, ನಾಲ್ಕು ಸೆಕೆಂಡಿಗೆ ಟಕ್ ಎಂದು ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಆಮೇಲೆ ಎರಡು ಪೈಪುಗಳನ್ನು ಮುಟ್ಟಿ ನೋಡುತ್ತಾನೆ. ಸಣ್ಣ ಪೈಪು ಬಿಸಿ ಇರಬೇಕು, ದಪ್ಪ ಪೈಪು ತಣ್ಣಗಿದ್ದು ಮೈಮೇಲೆ ನೀರ ಹನಿ ಮೂಡಿರಬೇಕು. ಇಲ್ಲಿ ಸಣ್ಣದು ಉಗುರುಬೆಚ್ಚಗೆ, ದಪ್ಪದ್ದು ಒಣಗಿದೆ. ಎದುರಿನ ಜಾಲರಿಯೊಳಗೆ ಇಣುಕಿ ಕಂಡೆನ್ಸರ್ ನೋಡುತ್ತಾನೆ: ಫ್ಯಾನ್ ತಿರುಗುತ್ತಿದೆ, ಆದರೆ ಕೆಳಗಿನ ಅರ್ಧಕ್ಕೆ ಮಣ್ಣು ಮೆತ್ತಿದೆ, ನಡುವೆ ಒಂದೆರಡು ಸತ್ತ ಮಿಡತೆ. ಬರೀ ಈ ಮಣ್ಣೇ ಸಾಕು ತಂಪು ಕೆಡಿಸಲಿಕ್ಕೆ. ಕಂಪ್ರೆಸರು ಅದುಮಿ ಕಾಯಿಸಿದ ಗ್ಯಾಸು ತನ್ನ ಬಿಸಿಯನ್ನು ಹೊರಗೆ ಚೆಲ್ಲಿ ದ್ರವವಾಗುವುದು ಇಲ್ಲೇ. ಹಾಗೆ ದ್ರವವಾಗಿದ್ದು ಸಣ್ಣ ಕಿಂಡಿಯಿಂದ ನುಗ್ಗಿ ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಕುದಿದಾಗಲೇ ನಮ್ಮ ಮುಖಕ್ಕೆ ತಂಪು. ಕುದಿಯುವುದು ಎಂದರೆ ಬಿಸಿ ಎಂದೇ ನಮ್ಮ ಲೆಕ್ಕ. ಆದರೆ ಇದರೊಳಗಿನ ಆರ್-134ಎ ಬಯಲ ಗಾಳಿಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವ ವಸ್ತು.

ಈಗ ಗೋಡೆಯ ಮೊಳೆಯಿಂದ ಗೇಜು ಇಳಿಯುತ್ತದೆ. ನೀಲಿ ಪೈಪು ಲೋ ಕಡೆಗೆ, ಕೆಂಪು ಪೈಪು ಹೈ ಕಡೆಗೆ. ಕಪ್ಲರುಗಳ ಅಳತೆ ಬೇರೆಬೇರೆ, ಅದಲುಬದಲಾಗುವ ಭಯವಿಲ್ಲ. ಎಂಜಿನ್ ಆರಿಸಿ ಸ್ವಲ್ಪ ಹೊತ್ತಿನ ಮೇಲೆ ಎರಡೂ ಮುಳ್ಳು 60ರ ಹತ್ತಿರ ಬಂದು ನಿಲ್ಲುತ್ತವೆ. ಐಟಿಐ ಮುಗಿಸಿ ಕೆಲಸ ಕಲಿಯಲು ಬಂದ ಹುಡುಗನಿಗೆ ಮಿಸ್ತ್ರಿ ಅಲ್ಲೇ ಪಾಠ ಹೇಳುತ್ತಾನೆ: ಒಳಗೆ ಒಂದಿಷ್ಟಾದರೂ ದ್ರವ ಉಳಿದಿದ್ದರೆ ಈ 40 ಡಿಗ್ರಿ ಸೆಕೆಗೆ ಮುಳ್ಳು 130 ಪಿಎಸ್ಐ ಆಸುಪಾಸು ಇರಬೇಕಿತ್ತು. ಅದಕ್ಕಿಂತ ಇಷ್ಟು ಕೆಳಗಿದೆ ಎಂದರೆ ಬರೀ ಆವಿ ಉಳಿದಿದೆ. ಇನ್ನೂ ಒಂದು ಮಾತು ಸೇರಿಸುತ್ತಾನೆ. 130 ತೋರಿಸಿದರೂ ಗ್ಯಾಸು ಪೂರ್ತಿ ಇದೆ ಎಂದು ನಂಬಬಾರದು. ನಿಂತ ಗಾಡಿಯಲ್ಲಿ ತುಂಬಿದ್ದಕ್ಕೂ ಅರ್ಧಕ್ಕೂ ಮುಳ್ಳು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಮುಳ್ಳು ನೋಡಿಯೇ ಗ್ಯಾಸು ತುಂಬುವವರು ಎಷ್ಟು ಜನ!

ಉಳಿದಿದ್ದ ಆವಿ ಸುಸ್ಸೆಂದು ಹೊರಗೆ ಹೋಗುತ್ತದೆ. ಇದೊಂದು ನೋಡಲು ಹಿತವಲ್ಲ. ಮಾರುತಿ 800ರ ಮೊದಲ ದಿನಗಳಲ್ಲಿದ್ದ ಆರ್-12 ಓಜೋನ್ ಪದರವನ್ನು ತಿನ್ನುತ್ತದೆ ಎಂದು 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಅದನ್ನು ಬಿಡಿಸಿ 134ಎ ತಂದರು. ಇದು ಓಜೋನಿಗೆ ಕೈ ಹಚ್ಚುವುದಿಲ್ಲ ನಿಜ, ಆದರೆ ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವುದರಲ್ಲಿ ಇದರ ಒಂದು ಕೆಜಿ ಸಾವಿರದ ಮುನ್ನೂರು ಕೆಜಿಗೂ ಹೆಚ್ಚಿನ ಇಂಗಾಲದ ಡೈ ಆಕ್ಸೈಡಿಗೆ ಸಮ. ಗ್ಯಾಸನ್ನು ಎಳೆದು ಹಿಡಿದಿಡುವ ಯಂತ್ರ ಬರುತ್ತದೆ; ಈ ಶೆಡ್ಡಿಗೆ ಬಂದಿಲ್ಲ.

ಲೀಕ್ ಹುಡುಕುವುದೇ ಇಡೀ ಕೆಲಸದ ಜೀವಾಳ. ಮಿಸ್ತ್ರಿಯ ಕಣ್ಣು ಮೊದಲು ಹೋಗುವುದು ಎಣ್ಣೆಯ ಕಲೆಗೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ತಿರುಗಾಡುತ್ತಿರುತ್ತದೆ, ಗ್ಯಾಸು ಸೋರಿದಲ್ಲಿ ಅದೂ ಜಿನುಗುತ್ತದೆ, ಅದಕ್ಕೆ ಧೂಳು ಹಿಡಿಯುತ್ತದೆ. ಕಂಡೆನ್ಸರಿನ ಕೆಳಗಿನ ಜಾಯಿಂಟಿನಲ್ಲಿ ಅಂಥದೇ ಕಪ್ಪು ಜಿಡ್ಡು. ಆದರೂ ಖಾತ್ರಿ ಬೇಕಲ್ಲ. ನೈಟ್ರೋಜನ್ ಸಿಲಿಂಡರ್ ಜೋಡಿಸಿ 150ರವರೆಗೆ ಒತ್ತಡ ಏರಿಸುತ್ತಾರೆ. ಹುಡುಗ ಬಟ್ಟಲಲ್ಲಿ ಸೋಪಿನ ನೊರೆ ಮಾಡಿ, ಹಳೆ ಶೇವಿಂಗ್ ಬ್ರಷ್ಷಿನಿಂದ ಒಂದೊಂದೇ ಜಾಯಿಂಟಿಗೆ ಹಚ್ಚುತ್ತ ಹೋಗುತ್ತಾನೆ. ಮೊದಲ ಜಾಯಿಂಟಿನಲ್ಲಿ ಏನೂ ಇಲ್ಲ. ಗ್ಯಾಸ್ ಹಾಕುವ ವಾಲ್ವಿನ ಬಾಯಲ್ಲೂ ಇಲ್ಲ. ಕೆಳಗಿನ ಜಾಯಿಂಟಿಗೆ ಬಂದಾಗ ನೊರೆಯೊಳಗಿಂದ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು, ನಿಧಾನಕ್ಕೆ ದೊಡ್ಡದಾಗಿ, ಒಡೆಯುತ್ತದೆ. ಇನ್ನೊಂದು ಏಳುತ್ತದೆ.

ಮಾಸ್ತರರೂ ಬಗ್ಗಿ ನೋಡುತ್ತಾರೆ. “ಇಷ್ಟಕ್ಕೇನ್ರಿ?”

“ಇಷ್ಟೇ ರೀ.”

ಒತ್ತಡ ಇಳಿಸಿ, ಜಾಯಿಂಟು ಬಿಚ್ಚಿದರೆ ಒಳಗಿನ ರಬ್ಬರ್ ರಿಂಗು ಚಪ್ಪಟೆಯಾಗಿ, ಗಟ್ಟಿಯಾಗಿ, ಉಗುರಿನಲ್ಲಿ ಒತ್ತಿದರೆ ಸೀಳುತ್ತದೆ. ಅಗ್ಗದ ವಸ್ತು. ಇದೊಂದನ್ನು ಬದಲಿಸದೆ ಹೋದ ವರ್ಷ ತುಂಬಿಸಿದ ಗ್ಯಾಸೆಲ್ಲ ಈ ರಿಂಗಿನ ಸಂದಿಯಿಂದಲೇ ಹೋಗಿದೆ. ಹೊಸ ಹಸಿರು ರಿಂಗಿಗೆ ಎರಡು ಹನಿ ಎಣ್ಣೆ ಸವರಿ ಕೂರಿಸುತ್ತಾನೆ. ಹುಡುಗ ಪೈಪು ಹಿಡಿದು ಕಂಡೆನ್ಸರಿಗೆ ನೀರು ಬಿಡುತ್ತಾನೆ. ಜೋರಾಗಿ ಬಿಟ್ಟರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆಂದು ಬೆರಳಿನಿಂದ ಧಾರೆ ಒಡೆದು ಬಿಡುತ್ತಾನೆ. ಕೆಂಪು ನೀರು ಬೇವಿನ ಬುಡಕ್ಕೆ ಹರಿಯುತ್ತದೆ.

ಇನ್ನು ವ್ಯಾಕ್ಯೂಮ್ ಪಂಪಿನ ಗುಡುಗುಡು, ಅರ್ಧ ಗಂಟೆ. ಚಹಾ ಬರುತ್ತದೆ. ಈ ಅರ್ಧ ಗಂಟೆಯನ್ನೇ ಅವಸರದವರು ನುಂಗಿಹಾಕುವುದು. ಪೈಪಿನೊಳಗೆ ಗಾಳಿ, ತೇವ ಉಳಿಯಬಾರದು. ಗಾಳಿಯನ್ನೆಲ್ಲ ಎಳೆದಾಗ ಒಳಗಿನ ತೇವ ಈ ಸೆಕೆಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಮುಳ್ಳು ಸೊನ್ನೆಯ ಕೆಳಗೆ 28 ಇಂಚಿನ ಬಳಿ ನಿಲ್ಲುತ್ತದೆ. ಪಂಪು ಆರಿಸಿ ವಾಲ್ವು ಮುಚ್ಚಿ ಇನ್ನೊಂದು ಲೋಟ ಚಹಾ ಮುಗಿಯುವವರೆಗೆ ಕಾಯುತ್ತಾರೆ. ಮುಳ್ಳು ಮೇಲೇಳುವುದಿಲ್ಲ.

ತಿಳಿನೀಲಿ ಸಿಲಿಂಡರು ತೂಕದ ಯಂತ್ರದ ಮೇಲೆ ಕೂರುತ್ತದೆ. ಬಾನೆಟ್ಟಿನ ಒಳಮೈಗೆ ಅಂಟಿಸಿದ ಚೀಟಿ ಅಳಿಸಿಹೋಗಿದೆ, ಮಿಸ್ತ್ರಿ ಎಣ್ಣೆಗೈ ಗುರುತುಗಳ ಒಂದು ವಹಿ ತೆರೆದು ಈ ಮಾಡೆಲ್ಲಿನ ಲೆಕ್ಕ ನೋಡುತ್ತಾನೆ. ಇಂಥ ಸಣ್ಣ ಕಾರುಗಳಿಗೆ ಅರ್ಧ ಕೆಜಿಯ ಆಚೀಚೆ ಸಾಕು. ಎಂಜಿನ್ ಚಾಲೂ ಆಗಿ, ಲೋ ಕಡೆಯಿಂದ ಗ್ಯಾಸು ಆವಿಯಾಗಿಯೇ ಒಳಗೆ ಹೋಗುತ್ತದೆ. ದ್ರವ ನುಗ್ಗಿದರೆ ಕಂಪ್ರೆಸರು ಒಡೆದೀತು. ಕ್ಲಚ್ಚು ಈಗ ಹಿಡಿದದ್ದು ಬಿಡುವುದಿಲ್ಲ. ದಪ್ಪ ಪೈಪಿನ ಮೇಲೆ ಮೊದಲು ಮಂಜು ಕವಿದಂತೆ ಮಸುಕು, ಆಮೇಲೆ ಹನಿ.

“ಇನ್ನೊಂದು ನೂರು ಗ್ರಾಂ ಜಾಸ್ತಿ ಬಿಡ್ರಲ್ಲ, ಮಸ್ತ್ ತಂಪ ಆಗ್ಲಿ” ಎನ್ನುತ್ತಾರೆ ಮಾಸ್ತರರು.

“ಜಾಸ್ತಿ ಹಾಕಿದ್ರ ತಂಪ ಕಮ್ಮಿ ಆಗ್ತದ್ರಿ. ಪ್ರೆಶರ್ ಏರ್ತದ, ಕಂಪ್ರೆಸರ್ ಹೋಗ್ತದ.”

ನಡುವಿನ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿದ್ದಾರೆ. 36, 28, 19, ಕೊನೆಗೆ 10ಕ್ಕೆ ಬಂದು ತಡೆಯುತ್ತದೆ. ಗಾಳಿಯ ರಭಸ ಮಾತ್ರ ಇನ್ನೂ ಸೊರಗಿದ್ದೇ. ಕೂಲಿಂಗ್ ಕಾಯಿಲ್‌ಗೆ ವರ್ಷಗಟ್ಟಲೆಯ ಧೂಳು ಕಟ್ಟಿದೆ, ತೊಳೆಯಬೇಕೆಂದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಒಂದು ಪೂರ್ತಿ ದಿನ ಗಾಡಿ ಬಿಡಬೇಕು. ಮಾಸ್ತರರು ಲೆಕ್ಕ ಹಾಕುತ್ತಾರೆ: ಮೊಮ್ಮಗಳ ಜವಳ ಬಂದಿದೆ, ಮಳೆಗಾಲಕ್ಕೆ ನೋಡೋಣ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ, ಇಲ್ಲದಿದ್ದರೆ ಕಂಪ್ರೆಸರಿನ ಸೀಲು ಒಣಗಿ ಅದೂ ಸೋರಲಿಕ್ಕೆ ಹತ್ತುತ್ತದೆ ಎಂದು ಮಿಸ್ತ್ರಿ ಹೇಳುತ್ತಿದ್ದರೆ, ಮಾಸ್ತರರು ಆಗಲೇ ಗಾಜು ಏರಿಸಿಕೊಂಡಿದ್ದಾರೆ. ಅವನು ಗಾಜು ಬಡಿದು ಮತ್ತೆ ಇಳಿಸುತ್ತಾನೆ.

“ಮೊದಲು ಐದು ಮಿನಿಟ್ ಗಾಜು ತೆರೆದು ಓಡಿಸ್ರಿ ಸರ್, ಒಳಗಿನ ಝಳ ಹೋಗ್ಲಿ. ಮತ್ತ ಪೈಸಾ?”