ಮೂಸ್ ಬಿದ್ದ ಮೇಲೆ

1992ರ ಜೂನ್ ತಿಂಗಳು. ಅಲಾಸ್ಕಾದ ಸ್ಟ್ಯಾಂಪೀಡ್ ಕಾಡುದಾರಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಹಳೇ ಬಸ್ಸೊಂದರಲ್ಲಿ ಬಿಡಾರ ಹೂಡಿದ್ದ ಕ್ರಿಸ್ ಮೆಕ್ಯಾಂಡ್ಲೆಸ್ ಎಂಬ 24ರ ಹುಡುಗ ಮೂಸ್ ಎಂಬ ದೈತ್ಯ ಜಿಂಕೆಯೊಂದನ್ನು ಹೊಡೆದ. ಹೊಡೆದದ್ದೇನೋ ಸರಿ, ಅಷ್ಟೊಂದು ಮಾಂಸವನ್ನು ಇಟ್ಟುಕೊಳ್ಳುವುದು ಹೇಗೆ? ಕೊಯ್ದು ಹೊಗೆ ಹಾಕಿ ನೋಡಿದ. ನೊಣ ಮುತ್ತಿ ಹುಳು ಬಿತ್ತು. ಕೆಲವೇ ದಿನಗಳಲ್ಲಿ ಎಲ್ಲ ಕೊಳೆತುಹೋಯಿತು. ಆ ಪ್ರಾಣಿಯನ್ನು ಕೊಲ್ಲಲೇಬಾರದಿತ್ತು ಎಂದು ದಿನಚರಿಯಲ್ಲಿ ಹಲುಬಿದ. ಆಗಸ್ಟ್ ಹೊತ್ತಿಗೆ ಅದೇ ಬಸ್ಸಿನಲ್ಲಿ ಹಸಿದು ಸತ್ತ.

ಇಷ್ಟಾದರೂ ಪೇಟೆಯ ಮನೆ ಮಾರಿ, ಕೋವಿ ಗಾಳ ಕಟ್ಟಿಕೊಂಡು ಕಾಡಿನ ಮಗ್ಗುಲಿಗೆ ಹೋಗಿಬಿಡಬೇಕು ಎನ್ನುವ ಆಸೆ ಅಮೆರಿಕನ್ನರಿಗೆ ಹೋಗಿಲ್ಲ. ಮೊಂಟಾನಾ, ಐಡಾಹೊಗಳಿಗೆ ಹೀಗೆ ಊರು ಬದಲಿಸುವವರಿದ್ದಾರೆ. ಆಸೆ ಇನ್ನೂ ಜೋರಾದವರು ಅಲಾಸ್ಕಾಗೆ ಹೋಗುತ್ತಾರೆ. ನಮಗೂ ಇದು ತೀರಾ ಹೊಸ ಹುಚ್ಚಲ್ಲ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದ ಪೂರ್ಣಚಂದ್ರ ತೇಜಸ್ವಿಯವರ ಕೋವಿ, ಗಾಳಗಳ ಕತೆ ಓದಿ ಕೆಲಸ ಬಿಡುವ ಕನಸು ಕಂಡ ಕನ್ನಡಿಗರು ಎಷ್ಟು ಮಂದಿಯೋ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಲ್ಲಿ ಶಿಕಾರಿ ಎಂದರೆ ಜೈಲಿನ ದಾರಿ. ಅಲಾಸ್ಕಾದಲ್ಲಿ ಅದು ಇವತ್ತಿಗೂ ಮನೆಯ ಊಟದ ಲೆಕ್ಕ.

ಆ ಲೆಕ್ಕ ಶುರುವಾಗುವುದು ಕೋವಿಯಿಂದಲ್ಲ, ವಿಳಾಸದಿಂದ. ಅಲಾಸ್ಕಾದಲ್ಲಿ ಸತತ 12 ತಿಂಗಳು ನೆಲೆಸಿದ ಮೇಲೆ, ಅಲ್ಲೇ ಇರುವ ಉದ್ದೇಶವೂ ಇದ್ದರೆ ಮಾತ್ರ ನೀವು ನಿವಾಸಿ. ನಿವಾಸಿಗೆ ಬೇಟೆ ಪರವಾನಗಿ 45 ಡಾಲರ್, ಮೂಸ್‌ಗೆ ಬೇರೆ ಶುಲ್ಕವಿಲ್ಲ. ಹೊರಗಿನವರಿಗೆ ಪರವಾನಗಿಗೇ 160, ಅದರ ಮೇಲೆ ಮೂಸ್ ಒಂದಕ್ಕೆ 800 ಡಾಲರ್. ಹೊರರಾಜ್ಯದ ಅಮೆರಿಕನ್ನನಿಗೆ ಕಂದು ಕರಡಿ ಬೇಕೆಂದರೆ ಪರವಾನಗಿ ಪಡೆದ ಮಾರ್ಗದರ್ಶಕನೋ, ಅಲ್ಲೇ ನೆಲೆಸಿರುವ ಹತ್ತಿರದ ಸಂಬಂಧಿಯೋ ಜೊತೆಗಿರಬೇಕು.

ನಿವಾಸಿಗಳಲ್ಲೂ ಹಳ್ಳಿ, ಪೇಟೆ ಎಂಬ ಭೇದ ಇದೆ. ರಾಜ್ಯದ ಸುಮಾರು ಶೇ. 60ರಷ್ಟು ನೆಲ ಕೇಂದ್ರ ಸರ್ಕಾರದ್ದು. ಅಲ್ಲಿ ಬೇಟೆ, ಮೀನು ಕಡಿಮೆ ಬಿದ್ದರೆ ಹೊಟ್ಟೆಪಾಡಿಗೆ ಹಿಡಿಯುವ ಹಳ್ಳಿಯವರದೇ ಮೊದಲ ಸರದಿ ಎಂದು 1980ರ ಕಾನೂನು ಹೇಳಿತು. ಎಲ್ಲ ಪ್ರಜೆಗಳಿಗೂ ಸಮಾನ ಹಕ್ಕು ಎನ್ನುವ ರಾಜ್ಯ ಸಂವಿಧಾನಕ್ಕೆ ಹಳ್ಳಿಯವರಿಗೆ ಇದೇ ಆದ್ಯತೆ ಕೊಟ್ಟ ರಾಜ್ಯದ ಕಾನೂನು ವಿರುದ್ಧ ಎಂದು ಅಲಾಸ್ಕಾದ ಸುಪ್ರೀಂ ಕೋರ್ಟ್ 1989ರಲ್ಲಿ ತೀರ್ಪಿತ್ತಿತು. ಆಗ ಕೇಂದ್ರ ತನ್ನ ನೆಲದ ಬೇಟೆಯ ಉಸ್ತುವಾರಿಯನ್ನು ತಾನೇ ವಹಿಸಿಕೊಂಡಿತು. ಹೀಗಾಗಿ ಒಂದೇ ಕಣಿವೆಯಲ್ಲಿ ಗೆರೆಯ ಆಚೆಗೊಂದು ನಿಯಮ, ಈಚೆಗೊಂದು. ನಕ್ಷೆ ಓದಲು ಬರದವನು ಕೋವಿ ಹಿಡಿಯದಿರುವುದೇ ಲೇಸು.

ಹೊಸಬರು ನಿವಾಸಿಗಳಾದ ಖುಷಿಯನ್ನು ಮೊದಲು ಉಣ್ಣುವುದು ಹೆಚ್ಚಾಗಿ ಕೀನಾಯ್ ನದಿಯ ಅಳಿವೆಯಲ್ಲಿ. ಜುಲೈ 10ರಿಂದ 31ರವರೆಗೆ ಅಲ್ಲಿ ಜಾತ್ರೆ. ಐದು ಅಡಿಯವರೆಗಿನ ಬಳೆಗೆ ಬಲೆ ಕಟ್ಟಿ, ಉದ್ದನೆಯ ಕೋಲಿಗೆ ಸಿಕ್ಕಿಸಿ, ಸೊಂಟದ ತನಕ ಕೊರೆಯುವ ನೀರಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ಕಡಲಿನಿಂದ ಸಾಲ್ಮನ್ ಹಿಂಡು ನುಗ್ಗಿದಾಗ ಕೋಲು ಜಗ್ಗುತ್ತದೆ. ಹಾಗೇ ಹಿಂದೆ ಹಿಂದೆ ನಡೆದು ಬಲೆಯನ್ನು ದಡಕ್ಕೆಳೆಯಬೇಕು. ಮನೆಯ ಯಜಮಾನನ ಹೆಸರಲ್ಲಿ ವರ್ಷಕ್ಕೆ 25, ಉಳಿದ ಪ್ರತಿ ಸದಸ್ಯನಿಗೆ 10 ಮೀನು. ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದರೆ 55. ಹಿಡಿದದ್ದನ್ನು ಚೀಟಿಯಲ್ಲಿ ಬರೆದು, ಬಾಲದ ಎರಡೂ ತುದಿ ಕತ್ತರಿಸಬೇಕು. ಇದು ಮನೆಬಳಕೆಯ ಮೀನು ಎನ್ನುವುದಕ್ಕೆ ಅದೇ ಗುರುತು. ಮಾರುವಂತಿಲ್ಲ.

ಮೂಸ್ ಬೇಟೆ ಮೀನು ಹಿಡಿದಷ್ಟು ಸಲೀಸಲ್ಲ. ಜಿಂಕೆ ಕುಲದಲ್ಲಿ ಅದಕ್ಕಿಂತ ದೊಡ್ಡದಿಲ್ಲ, ನಮ್ಮ ಕಡವೆ ಅದರೆದುರು ಕರು. ದೊಡ್ಡ ಗಂಡು 700 ಕೆ.ಜಿ. ದಾಟಬಹುದು. ಅಂಥದ್ದರಿಂದ ಸಿಗುವ ಮಾಂಸ 225 ಕೆ.ಜಿ.ಯಷ್ಟು. ಪುಟ್ಟ ವಿಮಾನದಲ್ಲಿ ಹಾರಿ, ಮೇಲಿಂದ ಪ್ರಾಣಿ ಗುರುತಿಸಿ, ಇಳಿದು ಹೊಡೆಯುವಂತಿಲ್ಲ. ಹಾರಿದ ಮರುದಿನ ಬೆಳಗಿನ ಜಾವ 3 ಗಂಟೆ ಕಳೆಯಬೇಕು. ಬಹಳ ಕಡೆ ಕೊಂಬಿನ ಹರವು 50 ಇಂಚು ಇದೆಯೇ ಎಂದು ದೂರದಿಂದಲೇ ಅಂದಾಜು ಮಾಡಬೇಕು. ಒಂದೆರಡು ಇಂಚು ತಪ್ಪಿದರೂ ಅದು ಅಪರಾಧ.

ಪ್ರಾಣಿ ಬಿದ್ದ ಮೇಲೆ ನಿಜವಾದ ದುಡಿಮೆ. ತೊಡೆ, ಮುಂಗಾಲು, ಕತ್ತು, ಎದೆ, ಪಕ್ಕೆಲುಬು, ಬೆನ್ನು, ಹೀಗೆ ತಿನ್ನಬಹುದಾದ ಮಾಂಸವನ್ನೆಲ್ಲ ಹೊತ್ತು ತರಬೇಕು. ಕೊಂಬು ಮೊದಲು ಒಯ್ದು ಮಾಂಸ ಆಮೇಲೆ ಎನ್ನುವಂತಿಲ್ಲ. ತೊಡೆಯ ಮಾಂಸವನ್ನೂ ಕಾಡಲ್ಲೇ ಬಿಟ್ಟುಬಂದವನಿಗೆ ಕನಿಷ್ಠ 7 ದಿನ ಸೆರೆ, 2,500 ಡಾಲರ್ ದಂಡ. ಮೊಣಕಾಲು ಹೂಳುವ ಜೌಗಿನಲ್ಲಿ, ಬೆನ್ನ ಮೇಲೊಂದು ಹಸಿ ತೊಡೆ ಹೊತ್ತು, ರಕ್ತದ ವಾಸನೆ ಹಿಡಿದು ಕರಡಿ ಬಂದೀತೇ ಎಂದು ತಿರುತಿರುಗಿ ನೋಡುತ್ತ ಹತ್ತು ಸಲ ಓಡಾಡಿದವನು ಮುಂದಿನ ವರ್ಷ ಮೊದಲು ಕೊಂಬು ನೋಡುವುದಿಲ್ಲ, ಪ್ರಾಣಿ ನದಿಯಿಂದ ಎಷ್ಟು ದೂರ ನಿಂತಿದೆ ಎಂದು ನೋಡುತ್ತಾನೆ.

ಒಂಟಿಯಾಗಿ ಗೆದ್ದವರು ಇಲ್ಲವೆಂದಲ್ಲ. ಡಿಕ್ ಪ್ರೊಯೆನೆಕೆ ಎಂಬಾತ 1968ರಲ್ಲಿ, 50 ದಾಟಿದ ಮೇಲೆ, ಅಲಾಸ್ಕಾದ ಟ್ವಿನ್ ಲೇಕ್ಸ್ ಎಂಬ ಸರೋವರಗಳ ದಡದಲ್ಲಿ ಕೈ ಸಲಕರಣೆಗಳಿಂದಲೇ ಮರದ ಮನೆ ಕಟ್ಟಿಕೊಂಡು ಸುಮಾರು ಮೂರು ದಶಕ ಬಾಳಿದ. ಬಾಗಿಲಿನ ತಿರುಗಣಿಯೂ ಮರದ್ದೇ. ತನ್ನ ಆ ಬದುಕನ್ನು ಆತ ತಾನೇ ಚಿತ್ರೀಕರಿಸಿಟ್ಟದ್ದನ್ನು ನೋಡಿ ಮರುಳಾದವರು ಮರೆಯುವ ಸಂಗತಿಯೊಂದಿದೆ: ಹಿಟ್ಟು, ಹುರುಳಿಕಾಯಿ ಬೀಜದಂಥ ದಿನಸಿ ಗೆಳೆಯನೊಬ್ಬನ ಪುಟ್ಟ ವಿಮಾನದಲ್ಲಿ ಬರುತ್ತಿತ್ತು.

ಇನ್ನು, ಬೇಟೆ-ಮೀನನ್ನೇ ನಂಬಿ ಹೋದ ಊರಿನಲ್ಲಿ ಅವೇ ಕೈಕೊಟ್ಟರೆ? ಕೆನಡಾದಿಂದ ಅಲಾಸ್ಕಾಗೆ ಹರಿಯುವ ಯೂಕಾನ್ ನದಿಯಲ್ಲಿ ಆದದ್ದು ಅದೇ. ತಲೆಮಾರುಗಳಿಂದ ಸಾಲ್ಮನ್ ಒಣಗಿಸಿ ಚಳಿಗಾಲ ಕಳೆದ ಯೂಪಿಕ್, ಅಥಾಬಾಸ್ಕನ್ ಜನರ ಹಳ್ಳಿಗಳಿಗೆ 2021ರಲ್ಲಿ ಮೀನೇ ಬರಲಿಲ್ಲ ಎನ್ನುವಷ್ಟು ಕಡಿಮೆ ಬಂತು. 2024ರಲ್ಲಿ ಅಲಾಸ್ಕಾ ಮತ್ತು ಕೆನಡಾ ಕೂಡಿ ಅಲ್ಲಿನ ಚಿನೂಕ್ ಸಾಲ್ಮನ್ ಹಿಡಿಯುವುದನ್ನು ಏಳು ವರ್ಷ ನಿಲ್ಲಿಸಲು ಒಪ್ಪಿದವು. ನದಿದಡದ ಹೊಗೆಗೂಡುಗಳು ಖಾಲಿ ಬಿದ್ದಿದ್ದ ಆ 2021ರಲ್ಲಿ ಅಲಾಸ್ಕಾದ್ದೇ ಆದ ಬ್ರಿಸ್ಟಲ್ ಬೇ ಕಡೆಯಿಂದ ದಾನದ ಸಾಲ್ಮನ್ ಪೆಟ್ಟಿಗೆಗಳು ಯೂಕಾನ್ ಹಳ್ಳಿಗಳಿಗೆ ವಿಮಾನ ಹತ್ತಿ ಬಂದವು.