ಮಾರುವ ಮನೆಗೂ ಬೇಕು ಸಿಂಗಾರ



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಹಿರಿಯರ ಬಾಯಲ್ಲಿ ಕೇಳಿಯೇ ಇರುತ್ತೀರಿ. ಈಗ ಅದಕ್ಕೆ 'ಮನೆ ಮಾರಿ ನೋಡು' ಎಂದೂ ಸೇರಿಸಬಹುದು. ರೈಲ್ವೆ, ಬ್ಯಾಂಕು, ಸರ್ಕಾರಿ ಕಚೇರಿ ಎಂದು ನೌಕರಿ ಹಿಡಿದು ನಾಗಪುರಕ್ಕೆ ಬಂದ ನಿಮ್ಮ ತಂದೆತಾಯಿಯರು ಸಾಲಸೋಲ ಮಾಡಿ ಒಂದು ಮನೆ ಕಟ್ಟಿದರು, ಅದರಲ್ಲೇ ಬಾಳಿದರು. ನಿಮ್ಮ ಲೆಕ್ಕ ಬೇರೆ. ಮಿಹಾನ್ ಯೋಜನೆ ಬಂತು, 2019ರ ಮಾರ್ಚ್‌ನಲ್ಲಿ ಸೀತಾಬರ್ಡಿ-ಖಾಪ್ರಿ ಮೆಟ್ರೊ ಓಡಿತು. ವಾರ್ಧಾ ರಸ್ತೆಯ ಕಡೆ ಬೆಲೆ ಏರೀತೆಂದು ನಿಮ್ಮಲ್ಲಿ ಕೆಲವರು ಫ್ಲ್ಯಾಟ್ ಕೊಂಡಿಟ್ಟಿರಿ. ಈಗ ಮಾರಲು ಹೊರಟರೆ, ಬಂದವರೆಲ್ಲ 'ಬಘೂನ್ ಸಾಂಗತೊ' ಎಂದು ಹೇಳಿ ಹೋಗುತ್ತಾರೆ, ತಿರುಗಿ ಬರುವುದಿಲ್ಲ. ಏಕೆ ಹೀಗೆ?

ಹೆಸರು ಹೊಸದು, ಕೆಲಸ ಹಳೆಯದು

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮನೆ ಮಾರಾಟದ ವೃತ್ತಿಯಲ್ಲಿದ್ದ ಬಾರ್ಬ್ ಶ್ವಾರ್ಟ್ಸ್ ಎಂಬಾಕೆ 1972ರ ಸುಮಾರಿಗೆ ಒಂದು ಪದ್ಧತಿ ಆರಂಭಿಸಿದರು. ನಾಟಕಕ್ಕೆ ರಂಗ ಸಜ್ಜುಗೊಳಿಸುವಂತೆ, ಮಾರುವ ಮನೆಯನ್ನು ಗಿರಾಕಿಯ ಕಣ್ಣಿಗೆ ಸಜ್ಜುಗೊಳಿಸುವುದು. ಇದೇ 'ಹೋಮ್ ಸ್ಟೇಜಿಂಗ್'. ಬೀಗರು ಬರುತ್ತಾರೆಂದರೆ ನಮ್ಮ ಅಮ್ಮಂದಿರು ಮಾಡುವುದೂ ಬಹುಮಟ್ಟಿಗೆ ಇದನ್ನೇ! ವ್ಯತ್ಯಾಸ ಒಂದೇ: ಬೀಗರಿಗೆ ನಮ್ಮ ಮನೆಯನ್ನು ತೋರಿಸುತ್ತೇವೆ, ಗಿರಾಕಿಗೆ ಅವರ ಮನೆಯನ್ನು ತೋರಿಸಬೇಕು.

ಖಾಲಿ ಫ್ಲ್ಯಾಟಿನ ತೊಂದರೆಯೂ ಇಲ್ಲೇ ಇದೆ. ಬರಿಯ ಕೋಣೆಯಲ್ಲಿ ನಿಂತವರಿಗೆ ಮಂಚ ಹಿಡಿಸುತ್ತದೋ ಇಲ್ಲವೋ ತಿಳಿಯದು. 10 ಅಡಿಗೆ 11 ಅಡಿಯ ಕೋಣೆಯಲ್ಲಿ ಒಂದು ಮಂಚ ಹಾಕಿಡಿ, ಪಕ್ಕದಲ್ಲಿ ಓಡಾಡಲು ಜಾಗ ಉಳಿಯುವುದು ಕಣ್ಣಿಗೇ ಕಾಣುತ್ತದೆ. ನಾಲ್ಕು ಸಾಮಾನು ಬಾಡಿಗೆಗೆ ತಂದರೂ ಸಾಕು.

ನಾಗಪುರದ ಮನೆಗೆ ಮೊದಲು ಏನು ಮಾಡಬೇಕು?

45 ಡಿಗ್ರಿ ಬಿಸಿಲಿನ ಊರು ನಮ್ಮದು. ಕಿಟಕಿಗೊಂದು ಕೂಲರ್ ಇದ್ದೇ ಇರುತ್ತದೆ. ಬೇಸಿಗೆ ಕಳೆದ ಮೇಲೂ ಅದು ಅಲ್ಲೇ ಕುಳಿತು ಬೆಳಕನ್ನು ತಡೆಯುತ್ತದೆ. ಅದನ್ನು ಇಳಿಸಿ, ಗೋಡೆಯ ಮೇಲಿನ ನೀರಿನ ಬಿಳಿ ಕಲೆ ಒರೆಸಿ. ಕೋಣೆ ಅರ್ಧ ಹೊಸದಾದಂತೆ ಕಾಣುತ್ತದೆ! ಬೇಸಿಗೆಯಲ್ಲಾದರೆ ಹುಲ್ಲಿನ ತಟ್ಟಿ ಬದಲಿಸಿ, ಗಿರಾಕಿ ಬರುವ ಮೊದಲೇ ಕೂಲರ್ ಹಾಕಿಡಿ. ಮನೆಯನ್ನು ಬೆಳಗ್ಗೆ ತೋರಿಸಿ.

ತೊಟ್ಟಿಕ್ಕುವ ನಲ್ಲಿ, ಕಿರುಗುಟ್ಟುವ ಬಾಗಿಲು, ಉರಿಯದ ಬಲ್ಬುಗಳನ್ನು ಸರಿಪಡಿಸಿ. ಇನ್ನೂರು ರೂಪಾಯಿಯ ನಲ್ಲಿ ತೋರಿಸಿ ಇಪ್ಪತ್ತು ಸಾವಿರ ಇಳಿಸಲು ಕೇಳುವ ಗಿರಾಕಿಗಳಿದ್ದಾರೆ. ಇಷ್ಟಾದ ಮೇಲೆಯೇ ಫೋಟೊ ತೆಗೆಯಿರಿ, ಏಕೆಂದರೆ ಇಂದು ಮನೆಯನ್ನು ಮೊದಲು ನೋಡುವುದು ಮೊಬೈಲಿನಲ್ಲಿ. ಪಿತೃಪಕ್ಷದಲ್ಲಿ ಮನೆ ಕೊಳ್ಳುವವರು ಕಡಿಮೆ. ಆ ಹದಿನೈದು ದಿನ ಸುಣ್ಣಬಣ್ಣ ಮುಗಿಸಿದರೆ ದಸರೆಗೆ ಮನೆ ಸಿದ್ಧ.

ಖರ್ಚು ಗಿಟ್ಟುತ್ತದೆಯೇ?

ಒಂದು ಉದಾಹರಣೆ. 30 ಲಕ್ಷ ರೂಪಾಯಿ ಸಾಲ ಬಾಕಿ, ಬಡ್ಡಿ ಶೇ. 8.5 ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿಯೇ 21,250 ರೂಪಾಯಿ. ಸೊಸೈಟಿಯ ಮೇಂಟೆನೆನ್ಸ್ ಬೇರೆ. ಸಿಂಗಾರಕ್ಕೆ 40,000 ಖರ್ಚಾಗಿ, ಮನೆ ಎರಡು ತಿಂಗಳು ಮುಂಚೆ ಮಾರಿ ಹೋದರೂ ಆ ಹಣ ಹುಟ್ಟಿತು. ಆದರೆ ಲಕ್ಷಗಟ್ಟಲೆ ಸುರಿದು ಹೊಸ ಅಡುಗೆಮನೆ ಮಾಡಿಸಬೇಡಿ. ಕೊಳ್ಳುವವರ ರುಚಿ ಬೇರೆಯಿರಬಹುದು. ಹೇಳುವ ಬೆಲೆಯೇ ವಿಪರೀತವಾಗಿದ್ದರೆ ಯಾವ ಸಿಂಗಾರವೂ ನೆರವಾಗದು.

ಸಿಂಗಾರ ಸರಿ, ಮುಚ್ಚುಮರೆ ಬೇಡ

ಮಳೆಗೆ ತೇವ ಹಿಡಿಯುವ ಗೋಡೆಗೆ ಬಣ್ಣ ಬಳಿದು, ಅದರ ಮುಂದೆ ಬೀರು ನಿಲ್ಲಿಸಿದರೆ ಅದು ಸಿಂಗಾರವಲ್ಲ, ಮೋಸ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು, ಕೊಳ್ಳುವವರು ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಮಾರುವವರೇ ತಿಳಿಸಬೇಕು. ಸೋರಿಕೆ ಸರಿಪಡಿಸಿ, ಇಲ್ಲವೇ ಬಾಯಿಬಿಟ್ಟು ಹೇಳಿ.

ಕೊನೆಯದಾಗಿ ಒಂದು ಮಾತು

ನಾಳೆ ನೀವು ಅಪ್ಪ ಕಟ್ಟಿಸಿದ ಮನೆಯನ್ನೇ ಮಾರಬೇಕಾಗಿ ಬರಬಹುದು. ಮನೆಯವರ ಫೋಟೊಗಳನ್ನು ಗೋಡೆಯಿಂದ ತೆಗೆಯಬೇಕೆಂಬುದು ಸ್ಟೇಜಿಂಗ್‌ನ ಮೊದಲ ಪಾಠ. ಬಂದವರು ಅಲ್ಲಿ ತಮ್ಮವರನ್ನು ಕಲ್ಪಿಸಿಕೊಳ್ಳಲಿ ಎಂದು. ಫ್ಲ್ಯಾಟಿನಲ್ಲಿ ಇದು ಐದು ನಿಮಿಷದ ಕೆಲಸ. ಮೂವತ್ತು ವರ್ಷ ಬಾಳಿದ ಮನೆಯಲ್ಲಿ ಹಾಗಲ್ಲ. ದಲ್ಲಾಳಿ ಹೇಳಿದನೆಂದು ಒಂದು ಭಾನುವಾರ ಬಂದು ಎಲ್ಲವನ್ನೂ ಅಟ್ಟಕ್ಕೆ ಹಾಕಬೇಡಿ. ಅಪ್ಪ-ಅಮ್ಮನಿಗೆ ಕಾರಣ ಹೇಳಿ, ಅವರ ಕೈಯಿಂದಲೇ ತೆಗೆಸಿ, ಯಾವುದು ಯಾರ ಫೋಟೊ ಎಂದು ಕೇಳಿಕೊಂಡು ಹಿಂದೆ ಬರೆದಿಡಿ.

ಬಾಗಿಲ ಮೇಲಿನ ಕನ್ನಡದ ಹೆಸರಿನ ಹಲಗೆಯನ್ನು ಮಾತ್ರ ಎಲ್ಲಕ್ಕಿಂತ ಕೊನೆಯಲ್ಲಿ ಬಿಚ್ಚಿ. ಅದು ಮಾರಾಟಕ್ಕಲ್ಲ, ನಿಮ್ಮ ಹೊಸ ಮನೆಗೆ ಬೇಕು.